ಮನೆಯಿಂದ ವಿಮಾನದವರೆಗಿನ ದಾರಿ ಯಾರ ಲೆಕ್ಕಕ್ಕೆ?

ಉಡುಮಲೈಪೇಟೆಯಿಂದ ಪೀಳಮೇಡಿನ ಕೊಯಮತ್ತೂರು ವಿಮಾನ ನಿಲ್ದಾಣಕ್ಕೆ ಸುಮಾರು 70 ಕಿಲೋಮೀಟರ್. ಪೊಳ್ಳಾಚಿಯ ಮೇಲೆ ಹೋದರೂ ಪಲ್ಲಡದ ಮೇಲೆ ಹೋದರೂ ಎರಡು ಗಂಟೆ ಕೈಯಲ್ಲಿಟ್ಟುಕೊಂಡೇ ಹೊರಡಬೇಕು. ಒಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಮನೆಗಳು ಈ ಸೀಮೆಯಲ್ಲಿ ತಲೆಮಾರುಗಳಿಂದ ಇವೆ. ಅಂಥ ಒಂದು ಮನೆಯಲ್ಲಿ ಪೈಲಟ್ ಒಬ್ಬರಿದ್ದಾರೆಂದು ಇಟ್ಟುಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ. ಪೈಲಟ್ ಕಲ್ಪಿತ, ನಿಯಮಗಳು ನಿಜವಾದವು. ಏರ್‌ಲೈನ್ ಮತ್ತು ಪಾಲು ವಿಮಾನದ ನೌಕರಿಗಳಲ್ಲಿ ಸಂಬಳ, ಹಾರಾಟದ ಗಂಟೆಗಳನ್ನಷ್ಟೇ ಹೋಲಿಸಿದರೆ ಬದುಕಿನ ಗುಣಮಟ್ಟ ತಿಳಿಯುವುದಿಲ್ಲ ಎಂಬುದು ನನ್ನ ವಾದ. ಮನೆಯಿಂದ ವಿಮಾನದವರೆಗಿನ ದಾರಿ ಯಾರ ಲೆಕ್ಕಕ್ಕೆ ಬರೆಯಲ್ಪಡುತ್ತದೆ, ಬಿಡುವಿನ ದಿನ ಎಷ್ಟು ಮೊದಲೇ ಗೊತ್ತಾಗುತ್ತದೆ ಎಂಬ ಎರಡನ್ನೂ ನೋಡಬೇಕು.

ಮೊದಲು ಪಾಲು ವಿಮಾನದ ಪದ್ಧತಿ. ಒಂದು ಜೆಟ್ಟನ್ನು ಹಲವರು ಪಾಲು ಹಾಕಿ ಕೊಳ್ಳುತ್ತಾರೆ, ನಡೆಸುವುದು ಒಂದು ಕಂಪನಿ. 1964ರಲ್ಲಿ ಶುರುವಾದ, ಈಗ ನೆಟ್‌ಜೆಟ್ಸ್ ಎಂದು ಹೆಸರಾಗಿರುವ ಅಮೆರಿಕದ ಕಂಪನಿ 1986ರಲ್ಲಿ ಇದನ್ನು ಆರಂಭಿಸಿತು. 1998ರಿಂದ ಅದು ಬರ್ಕ್‌ಷೈರ್ ಹ್ಯಾಥ್‌ವೇ ಕೈಯಲ್ಲಿದೆ. ಹದಿನಾರರಲ್ಲಿ ಒಂದು ಪಾಲಿಗೆ ವರ್ಷಕ್ಕೆ 50 ಗಂಟೆ ಹಾರಾಟ ಸಿಗುತ್ತದೆ. ನಮ್ಮ ಕಡೆಯವರಿಗೆ ಇದು ಕಾಲುವೆ ನೀರಿನ ಸರದಿಯಂತೆ ಕಂಡೀತು. ಆದರೆ ತಿರುಮೂರ್ತಿ ಅಣೆಯ ನೀರು ವಲಯದಿಂದ ವಲಯಕ್ಕೆ ಸರದಿ ಹಿಡಿದು ಬರುತ್ತದೆ. ಪಾಲುದಾರನಾದರೋ ಕೆಲವೇ ಗಂಟೆ ಮೊದಲು ಕರೆ ಮಾಡಿ ವಿಮಾನ ಕೇಳಬಹುದು. ಆ ಅನಿಶ್ಚಿತತೆ ಹೋಗಿ ಬೀಳುವುದು ಪೈಲಟ್‌ನ ಮೇಲೆ.

ಅದಕ್ಕೆ ಪ್ರತಿಯಾಗಿ ಬಂದದ್ದು ಏಳು ದಿನ ಕೆಲಸ, ಏಳು ದಿನ ಮನೆ ಎಂಬ ಏರ್ಪಾಡು. ಕೆಲಸದ ಏಳು ದಿನ ಪೂರ್ತಿ ಕಂಪನಿಯದು. ಇಬ್ಬರು ಪೈಲಟ್‌ಗಳಿದ್ದಾಗ ಸಾಮಾನ್ಯವಾಗಿ 14 ಗಂಟೆಯವರೆಗೆ ಡ್ಯೂಟಿ, ಅದರೊಳಗೆ 10 ಗಂಟೆಯವರೆಗೆ ಹಾರಾಟ ಎಂದು ಅಮೆರಿಕದ ನಿಯಮ ಹೇಳುತ್ತದೆ. ವಿಮಾನ ಹಾರಿಸುವುದು ಕೆಲಸದ ಒಂದು ಭಾಗ ಮಾತ್ರ. ಪ್ರಯಾಣಿಕರ ಪೆಟ್ಟಿಗೆಗಳನ್ನು ಎತ್ತಿ ಜೋಡಿಸಬೇಕು, ಊಟ ಬಂತೇ ನೋಡಬೇಕು, ಅವರು ಇಳಿದ ಮೇಲೆ ಸೀಟಿನ ಸಂದಿಯ ಚೂರುಪಾರು ತೆಗೆದು ಬೆಲ್ಟುಗಳನ್ನು ಮತ್ತೆ ಒಪ್ಪವಾಗಿ ಮಡಿಸಿಡಬೇಕು. ನಾಲ್ಕು ಪಟ್ಟಿಯ ಅಂಗಿ ತೊಟ್ಟವರೇ ಇದನ್ನೆಲ್ಲ ಮಾಡುತ್ತಾರೆ. ಏರ್‌ಲೈನ್ ಕ್ಯಾಪ್ಟನ್‌ಗೆ ಈ ಕೆಲಸಗಳಿಲ್ಲ. ಬರಿಯ ಗಂಟೆ ಎಣಿಸಿದರೂ ಏರ್‌ಲೈನ್ ಹಗುರ: ಇಲ್ಲಾಗಲಿ ಅಮೆರಿಕದಲ್ಲಾಗಲಿ ವರ್ಷಕ್ಕೆ 1000 ಗಂಟೆ ಹಾರಾಟದ ಮಿತಿ. ಅಮೆರಿಕದ ಪಾಲು ವಿಮಾನಗಳಿಗೆ ಅದೇ ಮಿತಿ 1400.

ಆದರೂ ಅನೇಕರು ಪಾಲು ವಿಮಾನವನ್ನೇ ಯಾಕೆ ಹಿಡಿದುಕೊಂಡಿದ್ದಾರೆ? ನನಗೆ ಉತ್ತರ ಸಿಕ್ಕಿದ್ದು ನಿಯಮದ ಒಂದು ಸಣ್ಣ ವಾಕ್ಯದಲ್ಲಿ. ಕಂಪನಿ ತಾನೇ ಹೇಳಿ, ತಾನೇ ಏರ್ಪಾಡು ಮಾಡಿ ಪೈಲಟ್‌ನನ್ನು ದೂರದ ವಿಮಾನದ ಬಳಿಗೆ ಕಳಿಸಿದರೆ ಆ ಪ್ರಯಾಣದ ಹೊತ್ತನ್ನು ವಿಶ್ರಾಂತಿ ಎಂದು ಲೆಕ್ಕ ಹಿಡಿಯುವಂತಿಲ್ಲ. ದೊಡ್ಡ ಪಾಲು ಕಂಪನಿಗಳಲ್ಲಿ ಪೈಲಟ್ ತನ್ನ ಮನೆಗೆ ಹತ್ತಿರದ ನಿಲ್ದಾಣದಿಂದ ಕೆಲಸ ಶುರು ಮಾಡುತ್ತಾನೆ, ಅಲ್ಲಿಂದ ಮುಂದಿನ ಟಿಕೆಟ್ ಕಂಪನಿಯದು. ಏರ್‌ಲೈನ್‌ನಲ್ಲಿ ಕೆಲಸ ಶುರುವಾಗುವುದು ಬೇಸ್‌ನಲ್ಲಿ. ಮನೆಯಿಂದ ಬೇಸ್‌ಗೆ ಬರುವುದು ಅವರವರ ಪಾಡು. ಹೀಗಾಗಿ ಒಂದೇ ದಣಿವಿನ ಪ್ರಯಾಣ ಒಂದು ಕಡೆ ಕೆಲಸದ ಲೆಕ್ಕಕ್ಕೆ ಸೇರುತ್ತದೆ, ಇನ್ನೊಂದು ಕಡೆ ಕಾಗದದ ಮೇಲೆ ವಿಶ್ರಾಂತಿಯಾಗಿಬಿಡುತ್ತದೆ.

ಅಂಥ ಪ್ರಯಾಣಕ್ಕೆ ಒಂದು ಉದಾಹರಣೆ: 2009ರ ಫೆಬ್ರುವರಿ 12ರಂದು ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಸಹಪೈಲಟ್ ಹಿಂದಿನ ರಾತ್ರಿ ಸಿಯಾಟಲ್ ಕಡೆಯಿಂದ ಸರಕು ವಿಮಾನಗಳಲ್ಲಿ ಕೂತು ನ್ಯೂವರ್ಕ್‌ನ ಬೇಸ್ ತಲುಪಿದ್ದರು. ತನಿಖೆ ಮುಖ್ಯ ಕಾರಣವಾಗಿ ಎತ್ತಿ ಹೇಳಿದ್ದು ಕ್ಯಾಪ್ಟನ್ ವಿಮಾನವನ್ನು ನಿಭಾಯಿಸಿದ ರೀತಿಯನ್ನು. ದಣಿವು ಎಷ್ಟರ ಮಟ್ಟಿಗೆ ಕಾರಣ ಎಂದು ಅಳೆಯಲಾಗಲಿಲ್ಲ. ಆದರೂ ಆ ರಾತ್ರಿಯ ಪ್ರಯಾಣವನ್ನು ಯಾರೂ ಮರೆಯಲಿಲ್ಲ. 2014ರ ಜನವರಿಯಲ್ಲಿ ಅಲ್ಲಿನ ಪ್ರಯಾಣಿಕ ಏರ್‌ಲೈನ್‌ಗಳಿಗೆ ಹೊಸ ವಿಶ್ರಾಂತಿ ನಿಯಮ ಬಂತು.

ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಹೊಸ ನಿಯಮಗಳಲ್ಲಿ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು. ಅದರೊಳಗೆ ಎರಡು ರಾತ್ರಿ ಸೇರಿರಬೇಕು. ರಾತ್ರಿ ಪಾಳಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮ 2025ರ ನವೆಂಬರ್ 1ರಿಂದ ಬಂತು. ಅದಕ್ಕೆ ಸಜ್ಜಾಗಿರದ ಇಂಡಿಗೋ ಡಿಸೆಂಬರ್ ಮೊದಲ ವಾರ ಸಾವಿರಾರು ಹಾರಾಟ ರದ್ದು ಮಾಡಿತು. 5ನೇ ತಾರೀಖು ಡಿಜಿಸಿಎ ಆ ಕಂಪನಿಗೆ ತಾತ್ಕಾಲಿಕ ಸಡಿಲಿಕೆ ಕೊಟ್ಟಿತು. ವಾರದ ವಿಶ್ರಾಂತಿಯ ಬದಲು ಪೈಲಟ್ ಹಾಕಿದ ರಜೆಯನ್ನೇ ತೋರಿಸಬಾರದು ಎಂಬ ಸೂಚನೆಯನ್ನೂ ಅಂದೇ ಹಿಂತೆಗೆದುಕೊಂಡಿತು. ನನಗೆ ಹಾರಾಟ ರದ್ದಾದದ್ದಕ್ಕಿಂತ ಇದು ಹೆಚ್ಚು ನೋವಿನ ಸಂಗತಿ. ರಜೆ ಪೈಲಟ್ ದುಡಿದು ಗಳಿಸಿಕೊಂಡದ್ದು. ವಿಶ್ರಾಂತಿ ಇರುವುದು ಪ್ರಯಾಣಿಕರ ಪ್ರಾಣಕ್ಕಾಗಿ.

ಈಗ ಆ 48 ಗಂಟೆಯನ್ನು ಉಡುಮಲೈಪೇಟೆಯ ಮನೆಗೆ ತನ್ನಿ. ಬೇಸ್ ಬೆಂಗಳೂರು. ದೇವನಹಳ್ಳಿಯಲ್ಲಿ ರಾತ್ರಿ ಇಳಿದರೆ ಕೊಯಮತ್ತೂರಿಗೆ ಬೆಳಗಿನ ವಿಮಾನ, ಅದರಲ್ಲಿ ಸೀಟು ಉಳಿದಿದ್ದರೆ. ಆಮೇಲೆ ಎರಡು ಗಂಟೆ ಕಾರು. ಮರಳುವಾಗ ತಪ್ಪಬಾರದೆಂದು ಅರ್ಧ ದಿನ ಮೊದಲೇ ಹೊರಡಬೇಕು. ನನ್ನ ಅಂದಾಜಿನಲ್ಲಿ ಮನೆಯ ಜಗಲಿಯ ಪಾಲಿಗೆ ಉಳಿಯುವುದು 24ರಿಂದ 30 ಗಂಟೆ. ಬೆಂಗಳೂರಿನಲ್ಲೇ ಮನೆ ಮಾಡಿದವರಿಗೆ ಏರ್‌ಲೈನ್ ಮೇಲು, ಅನುಮಾನವಿಲ್ಲ. ದೂರ ಹೆಚ್ಚಿದಷ್ಟೂ ಲೆಕ್ಕ ತಿರುಗುತ್ತದೆ. ಇನ್ನು ಏರ್‌ಲೈನ್ ನೌಕರಿಯ ಭದ್ರತೆ: ಕೊಯಮತ್ತೂರಿನದೇ ಆದ ಏರ್ ಕಾರ್ನಿವಲ್ 2016ರಲ್ಲಿ ಹಾರಿ 2017ರಲ್ಲಿ ನಿಂತಿತು. ಕಂಪನಿ ನಿಂತರೆ ಸೀನಿಯಾರಿಟಿಯೂ ಸೊನ್ನೆಯಿಂದ.

ಭಾರತದಲ್ಲಿ ಪಾಲು ವಿಮಾನಕ್ಕೆ ಹತ್ತಿರದ್ದೆಂದರೆ ಚಾರ್ಟರ್. ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಏವಿಯೇಷನ್ ಕಟ್ಟಿದ್ದು ಆ ಬಗೆಯ ಹೆಲಿಕಾಪ್ಟರ್ ಸೇವೆಗೆ, ಏರ್ ಡೆಕ್ಕನ್ ಬಂದದ್ದು 2003ರಲ್ಲಿ. ಚಾರ್ಟರ್‌ನಲ್ಲಿ ಕರೆಯ ಅನಿಶ್ಚಿತತೆ ಪಾಲು ವಿಮಾನದಷ್ಟೇ ಇದೆ. ಆದ್ದರಿಂದ ಕರಾರಿಗೆ ಸಹಿ ಹಾಕುವ ಮುನ್ನ ಬಿಡುವಿನ ದಿನಗಳನ್ನು ತಾರೀಖಿನ ಸಮೇತ ಬರೆಸಿಕೊಳ್ಳಿ ಎಂದು ಎಳೆಯ ಪೈಲಟ್‌ಗಳಿಗೆ ಹೇಳುತ್ತೇನೆ. ಫೋನ್ ಬರಲಿಲ್ಲ ಎಂಬ ಕಾರಣಕ್ಕೆ ಕಳೆದುಹೋದ ದಿನವನ್ನು ಆಮೇಲೆ ವಿಶ್ರಾಂತಿ ಎಂದು ಬರೆಯುವುದನ್ನು ಅಮೆರಿಕದ ವಿಮಾನಯಾನ ಆಡಳಿತ ಒಪ್ಪುವುದಿಲ್ಲ. ವಿಶ್ರಾಂತಿ ಮೊದಲೇ ಗೊತ್ತಿರಬೇಕು ಎನ್ನುತ್ತದೆ.

ಏಳು-ಏಳರ ಪಟ್ಟಿಯನ್ನು ಪಂಚಾಂಗದ ಪಕ್ಕ ಇಟ್ಟು ನೋಡಿದೆ. 2026ರ ಯುಗಾದಿ ಮಾರ್ಚ್ 19, ಮುಂದಿನದು 2027ರ ಏಪ್ರಿಲ್ 7. ನಡುವೆ 384 ದಿನ. ಮೊದಲ ಯುಗಾದಿ ಬಿಡುವಿನ ಮೊದಲ ದಿನವಾಗಿದ್ದರೆ ಎರಡನೆಯದು ಬಿಡುವಿನ ಏಳನೇ ದಿನ, ಎರಡೂ ಮನೆಯಲ್ಲಿ. ಮೊದಲನೆಯದು ಬಿಡುವಿನ ಎರಡನೇ ದಿನವಾಗಿದ್ದರೆ ಎರಡನೆಯದು ಕೆಲಸಕ್ಕೆ ಹೊರಡುವ ದಿನ. ಅದನ್ನು ಮನೆಯವರಿಗೆ ವರ್ಷ ಮೊದಲೇ ಹೇಳಬಹುದು.