ಗೋತ್ರ ಬೇರೆಯಾದರೆ ಸಾಕೆ?



ಮನೆಯಲ್ಲಿ ಮದುವೆ ನಿಶ್ಚಯವಾಯಿತೆಂದರೆ ಹೈದರಾಬಾದಿನ ನಾವು ನೀವೆಲ್ಲ ಹೊರಡುವುದು ಬೇಗಂ ಬಜಾರಿಗೆ. ಎರಡನೆಯ ಆಸಫ್ ಜಾ ನಿಜಾಮ್ ಅಲಿ ಖಾನರ ಪತ್ನಿ ಹಮ್ದಾ ಬೇಗಂ ವರ್ತಕರಿಗೆ ಕೊಟ್ಟ ಜಾಗವಿದು ಎನ್ನುತ್ತಾರೆ. ತೆಲುಗು ವೈಶ್ಯರು, ಮಾರ್ವಾಡಿಗಳು, ಅಗರ್ವಾಲರು ತಲೆಮಾರುಗಳಿಂದ ಇಲ್ಲಿ ಅಂಗಡಿ ಇಟ್ಟಿದ್ದಾರೆ. ವ್ಯಾಪಾರ ಎಲ್ಲರೊಂದಿಗೆ, ಹೆಣ್ಣು ಕೊಡುವುದು, ತರುವುದು ಮಾತ್ರ ತಮ್ಮವರಲ್ಲೇ. ನಮ್ಮಲ್ಲೂ ಅಷ್ಟೆ. ಗೋತ್ರ ಬೇರೆಯಾದರೆ ಸಾಕು, ರಕ್ತ ದೂರವಾಯಿತು ಎಂದು ಹಿರಿಯರು ನಂಬಿದ್ದರು.

ವಿಜ್ಞಾನ ಬೇರೆ ಲೆಕ್ಕ ಹೇಳುತ್ತದೆ. ಇದೇ ಊರಿನ ಸಿಸಿಎಂಬಿ ಸಂಸ್ಥೆಯ ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮತ್ತು ಸಂಗಡಿಗರು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ ಡಿಎನ್ಎ ಪರೀಕ್ಷಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಅವುಗಳಲ್ಲಿ 81 ಸಮುದಾಯಗಳು ಬಹಳ ಹಿಂದೆ ಕೆಲವೇ ಪೂರ್ವಜರಿಂದ ಬೆಳೆದು, ಒಳಗೊಳಗೇ ಮದುವೆಯಾಗುತ್ತ ಬಂದಿದ್ದವು. ಇಂದು ಜನ ಲಕ್ಷಗಟ್ಟಲೆ ಇರಬಹುದು, ಗೋತ್ರ ನೂರಿರಬಹುದು. ಮೂಲದ ಬಂಡವಾಳ ಮಾತ್ರ ಚಿಕ್ಕದು.

ಇದರಿಂದ ರೋಗ ಹೇಗೆ ಬರುತ್ತದೆ? ನಮ್ಮೆಲ್ಲರಲ್ಲೂ ಕೆಲವು ದೋಷವುಳ್ಳ ಜೀನ್‌ಗಳಿವೆ. ಪ್ರತಿ ಜೀನಿಗೂ ಎರಡು ಪ್ರತಿ ಇರುವುದರಿಂದ, ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತದೆ. ತಂದೆ, ತಾಯಿ ಇಬ್ಬರಲ್ಲೂ ಒಂದೇ ಜೀನಿನ ದೋಷವಿದ್ದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ಶೇಕಡ 25. ಪೂರ್ವಜರು ಕೆಲವರೇ ಆಗಿದ್ದಲ್ಲಿ, ಅವರಲ್ಲಿ ಒಬ್ಬರ ದೋಷ ಇಂದು ನೂರಾರು ಮನೆಗಳಲ್ಲಿ ಇರುತ್ತದೆ. ಹೀಗಾಗಿ ಬೇರೆಡೆ ಅಪರೂಪದ ರೋಗ ಅಲ್ಲಿ ಸಾಮಾನ್ಯ.

ವೈಶ್ಯರನ್ನೇ ನೋಡಿ. ಅವರಲ್ಲಿ ಕೆಲವರಿಗೆ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ; ಇತರರಿಗಿಂತ ಸುಮಾರು 100 ಪಟ್ಟು ಹೆಚ್ಚು. ದಿನನಿತ್ಯ ಯಾವ ತೊಂದರೆಯೂ ಇಲ್ಲ. ಆದರೆ ಆಪರೇಷನ್ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧಿ ನಿಮಿಷಗಳಲ್ಲಿ ಇಳಿಯುವ ಬದಲು ಗಂಟೆಗಟ್ಟಲೆ ನಿಲ್ಲುತ್ತದೆ, ಉಸಿರಾಟವೂ ಮರಳುವುದಿಲ್ಲ. ಮೊದಲೇ ತಿಳಿದರೆ ವೈದ್ಯರು ಬೇರೆ ಔಷಧಿ ಬಳಸುತ್ತಾರೆ. ಅಗರ್ವಾಲರಲ್ಲಿ ಮಕ್ಕಳ ತಲೆ ದೊಡ್ಡದಾಗಿ, ಕ್ರಮೇಣ ನಡಿಗೆ ಕುಂದುವ ಮಿದುಳಿನ ರೋಗವೊಂದಕ್ಕೂ ಇಂಥದೇ ಮೂಲ.

ಇದು ಯಾವ ಜಾತಿಯ ಕಳಂಕವೂ ಅಲ್ಲ, ಸೊಸೆಯ ಕಾಲ್ಗುಣವೂ ಅಲ್ಲ. ಯೂರೋಪ್ ಮೂಲದ ಯಹೂದಿಗಳಲ್ಲಿ ಟೇ-ಸ್ಯಾಕ್ಸ್ ಎಂಬ ರೋಗ ಎಳೆಯ ಮಕ್ಕಳನ್ನು ಕೊಲ್ಲುತ್ತಿತ್ತು. 1971ರಲ್ಲಿ ಅಮೆರಿಕದಲ್ಲಿ ಅವರು ತಾವಾಗಿ ರಕ್ತಪರೀಕ್ಷೆಗೆ ಮುಂದೆ ಬಂದರು. ಮುಂದೆ ಅಂಥ ಮಕ್ಕಳ ಹುಟ್ಟು ಶೇಕಡ 90ಕ್ಕೂ ಹೆಚ್ಚು ಇಳಿಯಿತು.

ಮುಂದಿನ ಸಲ ಜಾತಕ ಕೂಡಿಸುವಾಗ ಮನೆತನದ ಕಾಯಿಲೆಗಳನ್ನೂ ಕೇಳೋಣ, ಮುಚ್ಚಿಡದೆ ಹೇಳೋಣ. ಆಪರೇಷನ್ ಇದ್ದರೆ, ಮನೆಯವರಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸೋಣ. ಒಂದು ಮಾತು ಒಂದು ಜೀವ ಉಳಿಸೀತು.