ಧಮನಿಯ ಒಳಪೊರೆ

ನಮ್ಮ ಧಮನಿಗಳ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪೊರೆಯುಂಟು. ಕೋಟಿಗೆ ಅಸ್ತರಿದ್ದಂತೆ, ನೆತ್ತರು ಜಾರಿಹೋಗಲು ಹಾಸಿದ ನುಣುಪು ಹೊದಿಕೆ ಅಷ್ಟೇ ಎಂದು ವಿದ್ವಾಂಸರು ಬಹುಕಾಲ ಎಣಿಸಿದ್ದರು.

1978ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ರಾಬರ್ಟ್ ಫರ್ಚ್‌ಗಾಟ್ ಎಂಬವರ ಪ್ರಯೋಗಶಾಲೆಯಲ್ಲಿ, ಸಹಾಯಕನೊಬ್ಬನು ಪ್ರಯೋಗದ ಕ್ರಮ ತಪ್ಪಿಸಿದನು. ಮದ್ದಿಗೆ ಬಿಗಿಯಬೇಕಾಗಿದ್ದ ಮೊಲದ ಮಹಾಧಮನಿಯ ತುಣುಕು ಸಡಿಲಗೊಂಡಿತು! ಬೇರೆಯವರಾದರೆ ಕೆಟ್ಟ ಪ್ರಯೋಗವೆಂದು ಎಸೆದುಬಿಡುತ್ತಿದ್ದರೇನೋ. ಫರ್ಚ್‌ಗಾಟ್ ಕಾರಣ ಹುಡುಕಿದರು. ಹಿಂದಿನ ತುಣುಕುಗಳನ್ನು ಸಿದ್ಧಗೊಳಿಸುವಾಗಲೇ ಒಳಪೊರೆ ಉಜ್ಜಿಹೋಗುತ್ತಿತ್ತು. ಧಮನಿಗೆ ಸಡಿಲಾಗೆಂದು ಹೇಳುವುದೇ ಆ ಪೊರೆ. 1980ರಲ್ಲಿ ಇದು ಪ್ರಕಟವಾಯಿತು. ಪೊರೆ ಕಳುಹಿಸುವ ದೂತ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೆಂದು ಮುಂದೆ ತಿಳಿಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಬದುಕಿರುವ ಮನುಷ್ಯನ ಪೊರೆಯನ್ನು ಪರೀಕ್ಷಿಸುವುದೆಂತು? 1992ರಲ್ಲಿ ಲಂಡನ್ನಿನ ವೈದ್ಯರು ಮಾಡಿದ್ದನ್ನು ಕೇಳಿ. ರಕ್ತದೊತ್ತಡ ನೋಡುವಂಥ ಪಟ್ಟಿಯನ್ನು ಕೈಗೆ ಸುತ್ತಿ, ನಾಲ್ಕೈದು ನಿಮಿಷ ಬಿಗಿದು, ಬಿಟ್ಟರು. ನೆತ್ತರು ನುಗ್ಗಿದಾಗ ತೋಳಿನ ಧಮನಿ ಎಷ್ಟು ಹಿಗ್ಗಿತೆಂಬುದನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಅಳೆದರು. ಧೂಮಪಾನಿಗಳಲ್ಲಿ ಹಿಗ್ಗು ಕಡಮೆ. ಹುಟ್ಟಿನಿಂದ ಕೊಲೆಸ್ಟರಾಲ್ ಹೆಚ್ಚಿದ್ದ ಮಕ್ಕಳಲ್ಲಿಯೂ ಹಾಗೆಯೇ, ಎದೆನೋವು ಇತ್ಯಾದಿ ಯಾವ ಲಕ್ಷಣವೂ ತೋರದಿದ್ದಾಗಲೇ! ಅಳೆಯಬೇಕಾದ ಹಿಗ್ಗಾದರೋ ಮಿಲಿಮೀಟರಿನ ಕೆಲವು ದಶಾಂಶ ಮಾತ್ರ. ನುರಿತ ಕೈಯೇ ಬೇಕು. ಆದುದರಿಂದ ಈ ಪರೀಕ್ಷೆ ಇಂದಿಗೂ ಹೆಚ್ಚಾಗಿ ಸಂಶೋಧಕರ ಬಳಿಯೇ ಉಳಿದಿದೆ.