ಮೊದಲು ನೀರು, ಆಮೇಲೆ ಹೆಸರು

1/7
ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆ ಯಾರ ಮನೆಗೆ ಹೋದ್ರೂ ಒಂದು ವಿಷಯ ಗಮನಿಸಿ. "ಯಾವೂರ್ರಿ? ಯಾರ ಪೈಕಿ?" ಅನ್ನೋ ಪ್ರಶ್ನೆಗಿಂತ ಮೊದಲು ನಿಮ್ಮ ಕೈಗೆ ನೀರಿನ ತಂಬಿಗೆ ಬರ್ತದೆ. ತಂದುಕೊಡೋರು ಬಹಳ ಸಲ ಮನೆಯ ಹತ್ತನೇ ಕ್ಲಾಸಿನ ಹುಡುಗಿ, ಇಲ್ಲಾ ಪಿಯುಸಿ ಓದೋ ಹುಡುಗ. ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಹೊರಗಿನಿಂದ ಬಂದವರು ಇದನ್ನ ನೋಡಿ "ಸಣ್ಣ ಊರಿನ ಹುಡುಗ್ರು ಎಷ್ಟು ಮುಗ್ಧರು ನೋಡ್ರಿ" ಅಂತಾರೆ. ನನಗೆ ಆ ಮುಗ್ಧ ಅನ್ನೋ ಶಬ್ದ ಸರಿ ಅನ್ಸಲ್ಲ. ಇದು ಮುಗ್ಧತೆ ಅಲ್ಲ, ಕಲಿತ ವಿದ್ಯೆ. ಕಲಿಸಿದ್ದು ಈ ಒಣ ನೆಲ. ಸ್ವೈಪ್ ಮಾಡ್ತಾ ಬನ್ನಿ, ಹೇಳ್ತೀನಿ.

2/7
ಗೋಲಗುಂಬಜ್ ಫೋಟೋ ಎಲ್ಲರೂ ತೆಗೀತಾರೆ. ಆದ್ರೆ ಆದಿಲ್‌ಶಾಹಿಗಳ ನಿಜವಾದ ಸಾಹಸ ನೆಲದ ಕೆಳಗೆ ಇತ್ತು. ಹತ್ತಿರದಲ್ಲಿ ದೊಡ್ಡ ನದಿ ಇಲ್ಲದ ಜಾಗದಲ್ಲಿ ಅವರು ರಾಜಧಾನಿ ಕಟ್ಟಿದರು. ನೀರು ತರೋದೇ ಮೊದಲ ಕೆಲಸ.

1579ರಲ್ಲಿ ಚಾಂದ್ ಬಾವಡಿ. ಸುಮಾರು 1620ರಲ್ಲಿ ತಾಜ್ ಬಾವಡಿ. ಪಶ್ಚಿಮಕ್ಕಿರೋ ತೊರವಿಯಿಂದ ಸುರಂಗದೊಳಗೆ ನೀರು ಹರಿಸಿದರು. 1651ರಲ್ಲಿ ಬೇಗಂ ತಲಾಬ್ ಆಯ್ತು, ಅಲ್ಲಿಂದ ಮಣ್ಣಿನ ಕೊಳವೆಯಲ್ಲಿ ಊರೊಳಗೆ ನೀರು ಬಂತು. ನಡುವೆ ಅಲ್ಲಲ್ಲಿ ಎತ್ತರದ ಗಂಜ್‌ಗಳು. ಇವು ನೀರಿನ ಒತ್ತಡ ಇಳಿಸೋಕೆ, ಕೆಸರು ತಳಕ್ಕೆ ಕೂರಿಸೋಕೆ. ಈಗಿನ ಬಬಲೇಶ್ವರ ತಾಲೂಕಿನ ಮಮದಾಪುರದ ಕೆರೆಗಳೂ ಮಹಮ್ಮದ್ ಆದಿಲ್‌ಶಾಹನ ಕಾಲದವು.

ತಾಜ್ ಬಾವಡಿಗೆ ಹೋದ್ರೆ ಬರೀ ನೀರು ನೋಡಿ ಬರಬೇಡಿ. ದೊಡ್ಡ ಕಮಾನಿನ ಎರಡೂ ಬದಿಗಿರೋ ಕಟ್ಟಡ ನೋಡಿ. ಅವು ದಾರಿಹೋಕರು ಇಳ್ಕೊಳ್ಳೋಕೆ ಕಟ್ಟಿದ್ದು. ಗುರುತಿಲ್ಲದ ಮನುಷ್ಯನಿಗೆ ನೀರು, ನೆರಳು ಎರಡೂ ಒಂದೇ ಕಡೆ ಸಿಗಬೇಕು ಅನ್ನೋ ಲೆಕ್ಕ ಅದು.

3/7
ರಾಜರು ಹೋದ್ರು, ಬರ ಹೋಗಲಿಲ್ಲ.

1876–78ರ ಬರದ ಹೊತ್ತಿಗೆ ಈ ಭಾಗ ಮುಂಬೈ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿತ್ತು. 1885ರಲ್ಲಿ ಜಿಲ್ಲಾ ಕೇಂದ್ರ ವಿಜಯಪುರಕ್ಕೆ ಬಂತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಸತ್ತವರು, ಗುಳೆ ಹೋದವರು ಎಲ್ಲಾ ಆ ಲೆಕ್ಕದಲ್ಲೇ ಇದ್ದಾರೆ. ಐದು ಮನೆಯಲ್ಲಿ ಒಂದು ಮನೆ ಖಾಲಿ ಅಂತ ನಿಮ್ಮ ಓಣಿಯನ್ನೇ ಒಮ್ಮೆ ಊಹಿಸಿಕೊಳ್ಳಿ.

ಡೋಣಿ ನದಿ ಹರಿದ್ರೆ ಓಣಿ ತುಂಬ ಜೋಳ ಅಂತ ಹಿರಿಯರು ಹೇಳ್ತಿದ್ರು. ನಿಜ, ಎರೆಮಣ್ಣು ಬಂಗಾರದಂಥದ್ದು. ಆದ್ರೆ ಡೋಣಿ ನೀರು ಸವುಳು, ಕುಡಿಯೋಕೆ ಬರಲ್ಲ. ನಮ್ಮ ಕಾಲದಲ್ಲೂ ತಿಕೋಟಾ ಭಾಗದ ರೈತರು ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ತಂದು ದ್ರಾಕ್ಷಿ ಬಳ್ಳಿ ಉಳಿಸಿಕೊಂಡಿದ್ದಾರೆ.

ಇಂಥ ಕಡೆ ಒಂದು ಕೊಡ ನೀರು ಅಂದ್ರೆ ಯಾರೋ ನಡೆದ ದಾರಿ. ಆ ಯಾರೋ ಅಂದ್ರೆ ಹೆಚ್ಚಾಗಿ ಮನೆಯ ಹೆಂಗಸರು, ಮತ್ತೆ ಹದಿಮೂರು–ಹದಿನಾಲ್ಕರ ಮಕ್ಕಳು. ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ತಂದ ನೀರನ್ನ ಗುರುತಿಲ್ಲದವರಿಗೆ ಕೊಡೋದು ಸಣ್ಣ ಮಾತಲ್ಲ. ಅದರ ಭಾರ ಹೊತ್ತವರಿಗೇ ಗೊತ್ತು.

4/7
ಈಗ ಕಹಿ ಮಾತು. ಇದನ್ನ ಬಿಟ್ಟರೆ ಈ ಕಥೆ ಸುಳ್ಳಾಗ್ತದೆ.

ನೀರು ಎಲ್ಲರಿಗೂ ಒಂದೇ ಥರ ಸಿಗ್ತಿರಲಿಲ್ಲ. ಮೊದಲು ನೀರು ಆಮೇಲೆ ಹೆಸರು ಅನ್ನೋ ಮರ್ಯಾದೆ ಎಲ್ಲರ ಪಾಲಿಗೂ ಇರಲಿಲ್ಲ. ಕೆಲವರಿಗೆ ಮೊದಲು ಜಾತಿ, ಆಮೇಲೆ ನೀರು. ಅದೂ ಮೇಲಿಂದ ಬೊಗಸೆಗೆ ಸುರಿದ ನೀರು. ಊರ ಬಾವಿ ಅನ್ನೋ ಹೆಸರಿತ್ತು, ಊರಿನ ಎಲ್ಲರೂ ಇಳಿಯೋ ಹಾಗಿರಲಿಲ್ಲ.

1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಮಹಾಡದ ಕೆರೆಯ ನೀರು ಮುಟ್ಟಿದರಲ್ಲ, ಆಗ ಮಹಾಡ ಮತ್ತು ವಿಜಯಪುರ ಎರಡೂ ಒಂದೇ ಮುಂಬೈ ಪ್ರಾಂತದಲ್ಲಿದ್ದವು. 1956ರವರೆಗೂ ನಾವು ಅತ್ತ ಕಡೆಯವರೇ. ಆ ಹೋರಾಟ ನಮಗೆ ದೂರದ್ದಲ್ಲ.

ಅದಕ್ಕೇ "ಹಿಂದಿನ ಕಾಲ ಎಷ್ಟು ಚಂದ ಇತ್ತು" ಅಂತ ಯಾರಾದ್ರೂ ಅಂದ್ರೆ, ಯಾರಿಗೆ ಚಂದ ಇತ್ತು ಅಂತ ಕೇಳಿ.

5/7
ತಿಕೋಟಾ ತಾಲೂಕಿನ ಬಿಜ್ಜರಗಿ ಅನ್ನೋ ಹಳ್ಳಿ. ಅಲ್ಲಿಂದ ಹೊರಟ ಹುಡುಗನೊಬ್ಬ ಹದಿಹರೆಯದಲ್ಲೇ ಗುರುವಿನ ಹಿಂದೆ ಹೋದ. 19ರ ವಯಸ್ಸಿಗೆ ಗುರುವಿನ ಪ್ರವಚನಗಳನ್ನ ಒಟ್ಟುಮಾಡಿ ಪುಸ್ತಕ ಮಾಡಿದ. ಆ ವಯಸ್ಸಿನಲ್ಲಿ ನಾವೆಲ್ಲ ನಮ್ಮ ಮಾತು ಯಾರು ಕೇಳ್ತಾರೆ ಅಂತ ನೋಡ್ತಿರ್ತೀವಿ. ಅವನು ಇನ್ನೊಬ್ಬರ ಮಾತು ಕೂಡಿಸಿಡ್ತಾ ಕೂತ. ಮುಂದೆ ಜೇಬಿಲ್ಲದ ಅಂಗಿ ತೊಟ್ಟು ಬದುಕಿದ ಸಿದ್ಧೇಶ್ವರ ಸ್ವಾಮೀಜಿ ಅವರೇ.

2023ರ ಜನವರಿ 2ರಂದು ಅವರು ತೀರಿಕೊಂಡರು. ಮರುದಿನ ಸೈನಿಕ ಶಾಲೆಯ ಮೈದಾನಕ್ಕೆ ಬಂದವರು ಲಕ್ಷಾಂತರ ಜನ. ನೀವು ಭಕ್ತರಾಗಿರಿ, ಆಗದೇ ಇರಿ, ಅವತ್ತಿನ ವಿಜಯಪುರವನ್ನ ಮರೆಯೋಕಾಗಲ್ಲ. ಬಂದವರಿಗೆ ಊಟ, ನೀರು ಹಂಚಿದ್ದು ಊರಿನ ಜನರೇ. ಯಾವ ಊರು, ಯಾವ ಮಂದಿ ಅಂತ ಕೇಳ್ತಾ ನಿಲ್ಲಲಿಲ್ಲ.

6/7
ಇನ್ನು ಬೆಳಗಿನ ಬಸ್ಸಿಗೆ ಬರೋಣ. ತಿಕೋಟಾ, ಬಬಲೇಶ್ವರ ಕಡೆಯಿಂದ ವಿಜಯಪುರಕ್ಕೆ ಬರೋ ಬಸ್ಸು ಕಾಲೇಜು ಮಕ್ಕಳಿಂದ ತುಂಬಿ ತುಳುಕ್ತಿರ್ತದೆ. ಸೀಟು ಸಿಕ್ಕವರು ನಿಂತವರ ಬ್ಯಾಗ್ ಇಸ್ಕೊಂಡು ಮಡಿಲಲ್ಲಿ ಇಟ್ಕೋತಾರೆ. ಒಬ್ಬಳ ಮಡಿಲಲ್ಲಿ ಮೂರು ನಾಲ್ಕು ಬ್ಯಾಗು. ಯಾರ ಬ್ಯಾಗ್ ಯಾವುದು ಅಂತ ಅವಳಿಗೇ ಗೊತ್ತಿರಲ್ಲ. ಬೋರ್ಡ್ ಓದೋಕೆ ಬಾರದ ಅಜ್ಜಿಗೆ "ಆಯಿ, ಇದ ಬಸ್ಸು, ಹತ್ರಿ" ಅನ್ನೋ ದನಿಯೂ ಅದೇ ಗುಂಪಿನದು.

ಒಂದೇ ಬಾಟಲಿ ನೀರು ಆರು ಕೈ ದಾಟಿ ಹೋಗ್ತದೆ. ನಮಗೆ ಇದು ಮಾಮೂಲು. ಆದ್ರೆ ನಾಲ್ಕನೇ ಸ್ಲೈಡ್ ಓದಿದ ಮೇಲೆ ಇದನ್ನ ಮತ್ತೊಮ್ಮೆ ನೋಡಿ. ನೂರು ವರ್ಷದ ಹಿಂದೆ ಒಂದೇ ಪಾತ್ರೆಗೆ ಬಾಯಿ ಹಚ್ಚಲಾರದ ಮನೆಗಳ ಮಕ್ಕಳೂ ಆ ಆರು ಮಂದಿಯಲ್ಲಿ ಇರಬಹುದು. ಜಾತಿ ಹೋಗಿಬಿಟ್ಟಿದೆ ಅಂತ ನಾನು ಹೇಳ್ತಿಲ್ಲ, ಹೋಗಿಲ್ಲ. ಆದ್ರೆ ಆ ಬಾಟಲಿ ದಾಟುವಾಗ ಯಾರೂ ಹೆಸರು ಕೇಳಲಿಲ್ಲ. ಹಿರಿಯರಿಂದ ಬಂದ ಒಳ್ಳೆಯತನಕ್ಕೆ, ಹಿರಿಯರ ಕೈಲಾಗದ ಒಂದು ತುಣುಕನ್ನ ಈ ಹುಡುಗ್ರು ಸೇರಿಸ್ತಿದ್ದಾರೆ.

ಈ ಬೆರೆಯೋ ಜಾಗ ತಾನಾಗೇ ಹುಟ್ಟಿದ್ದಲ್ಲ. 1910ರಲ್ಲಿ ಫ.ಗು. ಹಳಕಟ್ಟಿ ಅವರು ಮುಂದೆ ನಿಂತು ಬಿಎಲ್‌ಡಿಇ ಸಂಸ್ಥೆ ಕಟ್ಟಿದರು. 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂತು. ಸರ್ಕಾರ 2006–07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಹಳ್ಳಿ ಮಕ್ಕಳು ಮನೆ ದಾಟಿ ಬಂದರು, ಒಂದೇ ಬೆಂಚಿನಲ್ಲಿ ಕೂತರು.

7/7
ಕಲಿತ ವಿದ್ಯೆ ಮರೆತೂ ಹೋಗ್ತದೆ. ತಾಜ್ ಬಾವಡಿಯನ್ನೇ ನೋಡಿ. ಊರಿಗೆ ನೀರು ಕೊಟ್ಟ ಬಾವಿಯನ್ನ ನಾವೇ ಕಸದ ಗುಂಡಿ ಮಾಡಿದ್ವಿ. ಹೂಳೆತ್ತಿ ಸ್ವಚ್ಛ ಮಾಡೋಕೆ ಹತ್ತು ವರ್ಷದ ಈಚೆ ಮತ್ತೆ ಕೈ ಹಚ್ಚಬೇಕಾಯ್ತು. ಸುರಂಗ ಬಾವಡಿ 2020ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ಕಾಳಜಿ ಪಟ್ಟಿ ಸೇರಿದ ಮೇಲೆ ನಮ್ಮಲ್ಲೇ ಎಷ್ಟೋ ಜನಕ್ಕೆ ಅದರ ಹೆಸರು ಗೊತ್ತಾಯ್ತು. ಬಾವಿಗೆ ಆದದ್ದು ನಡತೆಗೂ ಆಗಬಹುದು. ದಿನಾ ಬಳಸದಿದ್ರೆ ಹೂಳು ತುಂಬ್ತದೆ.

ಈ ಹುಡುಗ್ರು ನಾಳೆ ಬೆಂಗಳೂರಿಗೆ, ಪುಣೆಗೆ ಹೋಗ್ತಾರೆ. ಹೋಗಲಿ, ಬೆಳೀಲಿ. ಅವರನ್ನ "ಕ್ಯೂಟ್" ಅಂತ ಹೊಗಳಿ ಮುಂದೆ ಸ್ಕ್ರೋಲ್ ಮಾಡೋದಕ್ಕಿಂತ ಒಂದು ಕೆಲಸ ಮಾಡೋಣ. ಏಪ್ರಿಲ್ ಬಂದ್ರೆ ನಿಮ್ಮ ಮನೆ ಮುಂದೆ, ಅಂಗಡಿ ಮುಂದೆ ಒಂದು ಅರವಟ್ಟಿಗೆ ಇಡಿ. ಒಂದು ಮಣ್ಣಿನ ಗಡಿಗೆ, ಮೇಲೊಂದು ಒದ್ದೆ ಬಟ್ಟೆ, ಒಂದು ಲೋಟ ಸಾಕು. ತುಂಬಿಸೋ ಕೆಲಸ ಓಣಿಯ ಹುಡುಗ್ರಿಗೆ ಬಿಡಿ. ಲೋಟ ಮಾತ್ರ ಒಂದೇ ಇರಲಿ, ಎಲ್ಲರಿಗೂ.

ನಿಮ್ಮ ಊರಲ್ಲಿ ಅರವಟ್ಟಿಗೆ ಯಾರು ಇಡ್ತಾರೆ? ಕೆಳಗೆ ಊರಿನ ಹೆಸರು ಬರೀರಿ 👇🏽

#ವಿಜಯಪುರ #ತಿಕೋಟಾ #ಬಬಲೇಶ್ವರ #ನಮ್ಮೂರ_ಇತಿಹಾಸ #ಅರವಟ್ಟಿಗೆ